ಬೆಂಕಿಯಿಲ್ಲದ ಒಲೆ: ಭಯ ಯಾವುದಕ್ಕೆ, ಎಚ್ಚರ ಯಾವುದಕ್ಕೆ?

ಗಾಜಿನ ಲೋಟದಲ್ಲಿ ನೀರು ತುಂಬಿ ಮೈಕ್ರೋವೇವ್ ಓವನ್ನಿನಲ್ಲಿ ಇಡಲಾಗಿದೆ. ಮೂರು ನಿಮಿಷವಾದರೂ ಒಂದು ಗುಳ್ಳೆ ಏಳಲಿಲ್ಲ. ಇನ್ನೂ ಕುದಿ ಬಂದಿಲ್ಲವೆಂದುಕೊಂಡು ಹೊರತೆಗೆದು ಒಂದು ಚಮಚ ಕಾಫಿ ಪುಡಿ ಹಾಕಿದ್ದೇ ತಡ, ನೀರು ಬುಸ್ಸೆಂದು ಚಿಮ್ಮಿ ಕೈ ಸುಡುತ್ತದೆ. ಅಷ್ಟು ಶಾಂತವಾಗಿ ಕಂಡ ನೀರು ಹೀಗೇಕೆ ಮಾಡಿತು?

ಓವನ್ ಮನೆಗೆ ಬಂದಾಗ ತಂದೆತಾಯಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಬೇರೆ. ‘ಇದರ ಕಿರಣಗಳಿಂದ ಮಕ್ಕಳಿಗೆ ತೊಂದರೆಯಿಲ್ಲವೇ?’ ಎಂಬುದು ಅವರ ಅಳುಕು. ಆದರೆ ಓವನ್ನಿನಿಂದ ಆಗುವ ಗಾಯಗಳಲ್ಲಿ ಹೆಚ್ಚಿನವು ಬಿಸಿನೀರು, ಬಿಸಿಹಾಲು, ಹಬೆ ತಾಗಿ ಆದ ಸುಟ್ಟಗಾಯಗಳು. ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಓವನ್ನಿನೊಳಗೆ ಏನು ನಡೆಯುತ್ತದೆಂದು ತಿಳಿದರೆ ಎರಡೂ ಸ್ಪಷ್ಟವಾಗುತ್ತವೆ.

ಜೇಬಿನಲ್ಲಿ ಕರಗಿದ ಚಾಕಲೇಟು

ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನಗಳ ಸುಳಿವು ಹಿಡಿಯುವ ರಾಡಾರ್‌ಗೆ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಬೇಕಾಗಿತ್ತು. ಅಮೆರಿಕದ ರೇಥಿಯಾನ್ ಕಂಪನಿ ಅದನ್ನು ತಯಾರಿಸುತ್ತಿತ್ತು. 1945ರ ಸುಮಾರಿಗೆ ಅಲ್ಲಿನ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಚಾಕಲೇಟು ಕರಗಿತೆಂಬ ಕಥೆ ಪ್ರಸಿದ್ಧ. ಹೈಸ್ಕೂಲು ಶಿಕ್ಷಣವನ್ನೂ ಪೂರೈಸದ ಈ ಕುತೂಹಲಿ, ಮೆಕ್ಕೆಜೋಳದ ಕಾಳುಗಳನ್ನು ಹತ್ತಿರವಿಟ್ಟು ಅರಳಿಸಿ ನೋಡಿದರು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಓವನ್ ಸುಮಾರು 6 ಅಡಿ ಎತ್ತರ, 340 ಕಿಲೋ ತೂಕವಿತ್ತು! ಅಡುಗೆಮನೆಯ ಕಟ್ಟೆಯ ಮೇಲೆ ಕೂರುವಂಥದ್ದು ಜನಪ್ರಿಯವಾದದ್ದು 1967ರ ನಂತರ.

ಬಿಸಿಯಾಗುವುದು ನೀರು

ಮನೆಯ ಓವನ್ನಿನಲ್ಲಿ ಬಳಕೆಯಾಗುವ ಅಲೆಗಳು ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುತ್ತವೆ. ಒಂದು ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನೀರಿನ ಅಣುವಿನ ಒಂದು ಬದಿ ಧನ, ಇನ್ನೊಂದು ಬದಿ ಋಣ. ಅಲೆಯ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುಗಳೂ ಹೊರಳಲು ಹೆಣಗಿ ಅಕ್ಕಪಕ್ಕದ ಅಣುಗಳಿಗೆ ತಾಗುತ್ತವೆ. ಆ ತಿಕ್ಕಾಟವೇ ಬಿಸಿ. ಗಾಜು, ಪಿಂಗಾಣಿಗಳು ಈ ಅಲೆಗಳನ್ನು ಅಷ್ಟಾಗಿ ಹೀರುವುದಿಲ್ಲ. ಆದ್ದರಿಂದಲೇ ಬಟ್ಟಲಿಗಿಂತ ಬಟ್ಟಲಿನೊಳಗಿನ ಸಾರು ಬೇಗ ಬಿಸಿಯಾಗುತ್ತದೆ.

ಆಹಾರ ‘ಒಳಗಿನಿಂದ ಬೇಯುತ್ತದೆ’ ಎಂಬ ಮಾತು ಸರಿಯಲ್ಲ. ಅಲೆಗಳು ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಬಹುತೇಕ ಶಕ್ತಿ ಕಳೆದುಕೊಳ್ಳುತ್ತವೆ. ಅಲ್ಲಿಂದ ಒಳಕ್ಕೆ ಶಾಖ ನಿಧಾನವಾಗಿ ಹರಿಯಬೇಕು. ಜೊತೆಗೆ, ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಸೇರಿ ಕೆಲವು ಜಾಗಗಳಲ್ಲಿ ಹೆಚ್ಚು ಬಿಸಿ, ಕೆಲವು ಕಡೆ ತಣ್ಣಗೆ ಉಳಿಯುತ್ತದೆ. ತಟ್ಟೆ ತಿರುಗುವುದು ಈ ಕೊರತೆ ನೀಗಲೆಂದೇ. ನಿನ್ನೆಯ ಅನ್ನವನ್ನು ಗುಡ್ಡೆ ಹಾಕದೆ ತಟ್ಟೆಯ ಅಂಚಿನಲ್ಲಿ ಬಳೆಯಂತೆ ಹರಡಿ, ನೀರು ಚಿಮುಕಿಸಿ, ಗಾಳಿಯಾಡುವಂತೆ ಮುಚ್ಚಿ, ನಡುವೆ ಒಮ್ಮೆ ಕೆದಕಿ, ಕೊನೆಗೆ ಎರಡು ನಿಮಿಷ ಹಾಗೇ ಬಿಡಬೇಕು. ಉಳಿದ ಅಡುಗೆ ನಡುಭಾಗದಲ್ಲೂ ಹಬೆಯಾಡುವಷ್ಟು ಬಿಸಿಯಾಗದಿದ್ದರೆ ರೋಗಾಣುಗಳು ಉಳಿಯಬಹುದು.

ಕಿರಣದ ಅಂಜಿಕೆ

ಕ್ಷ-ಕಿರಣದಂತೆ ಅಣುವನ್ನು ಸೀಳುವ ಶಕ್ತಿ ಈ ಅಲೆಗಳಿಗಿಲ್ಲ. ಇವು ರೇಡಿಯೋ ಅಲೆಗಳ ಬಳಗಕ್ಕೆ ಸೇರಿದವು. ದೀಪ ಆರಿಸಿದೊಡನೆ ಬೆಳಕು ಹೋಗುವಂತೆ, ಬಾಗಿಲು ತೆರೆದೊಡನೆ ಇವೂ ನಿಲ್ಲುತ್ತವೆ, ಆಹಾರದಲ್ಲಿ ಉಳಿಯುವುದಿಲ್ಲ. ಬಾಗಿಲ ಗಾಜಿನ ಹಿಂದಿರುವ ಲೋಹದ ಜಾಲರಿಯ ರಂಧ್ರಗಳು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕವು. ಬೆಳಕು ನುಸುಳುತ್ತದೆ, ಮೈಕ್ರೋವೇವ್ ಹಿಂದಿರುಗುತ್ತದೆ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂರದಿದ್ದರೆ ಬಳಸಕೂಡದು. ಕವಚ ಬಿಚ್ಚಿ ಮನೆಯಲ್ಲೇ ರಿಪೇರಿಗೆ ಇಳಿಯುವುದು ಇನ್ನೂ ಅಪಾಯ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ನಿಜವಾದ ಎಚ್ಚರ

ಈಗ ಮೊದಲಿನ ಲೋಟಕ್ಕೆ ಬರೋಣ. ಗುಳ್ಳೆ ಹುಟ್ಟಲು ಗೀರು, ಧೂಳಿನ ಕಣ ಮುಂತಾದ ಆಸರೆ ಬೇಕು. ಒಲೆಯ ಮೇಲೆ ಪಾತ್ರೆಯ ಕಾದ ತಳದಲ್ಲಿ ಅದು ಸುಲಭ. ಓವನ್ನಿನಲ್ಲಿ ನುಣುಪಾದ ಲೋಟ ನೀರಿಗಿಂತ ತಣ್ಣಗಿರುತ್ತದೆ. ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದು ಕುಳಿತು, ಪುಡಿಯೋ ಚಮಚವೋ ತಗುಲಿದೊಡನೆ ಸಿಡಿಯುತ್ತದೆ. ಕಾಯಿಸುವ ಮೊದಲೇ ಮರದ ಕಡ್ಡಿಯೊಂದನ್ನು ಇಳಿಬಿಡುವುದು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಾಯಿಸದಿರುವುದು, ತೆಗೆಯುವ ಮುನ್ನ ಒಂದು ನಿಮಿಷ ತಡೆಯುವುದು ಇದಕ್ಕೆ ಪರಿಹಾರ.

ಮಗುವಿನ ಹಾಲಿನ ಬಾಟಲಿಯದೂ ಇದೇ ಮೋಸ. ಮುಟ್ಟಿದರೆ ಬಾಟಲಿ ಬೆಚ್ಚಗಷ್ಟೇ. ಒಳಗಿನ ಹಾಲು ಕೆಲವು ಕಡೆ ಬಾಯಿ ಸುಡುವಷ್ಟು ಬಿಸಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡುವುದೇ ಕ್ಷೇಮ.

ಚಿಪ್ಪಿನ ಮೊಟ್ಟೆ, ಬಿಗಿ ಮುಚ್ಚಳದ ಡಬ್ಬಿ ಒಳಗಿನ ಹಬೆಗೆ ಸಿಡಿಯುತ್ತವೆ. ಆಲೂಗಡ್ಡೆಗೆ ಫೋರ್ಕಿನಿಂದ ನಾಲ್ಕು ಕಡೆ ಚುಚ್ಚಬೇಕು. ಸ್ಟೀಲ್ ತಟ್ಟೆ, ಅಲ್ಯೂಮಿನಿಯಂ ಹಾಳೆ, ಚಿನ್ನದ ಅಂಚಿನ ಕಪ್ಪು ಕಿಡಿ ಹಾರಿಸಬಹುದು. ಮೈಕ್ರೋವೇವ್‌ಗೆ ಯೋಗ್ಯವೆಂಬ ಗುರುತಿಲ್ಲದ ಪ್ಲಾಸ್ಟಿಕ್ ಬೇಡ. ಹಪ್ಪಳ ನಿಮಿಷದೊಳಗೆ ಅರಳುತ್ತದೆ, ಮರೆತರೆ ಹೊತ್ತಿಕೊಳ್ಳುತ್ತದೆ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಬೇಕು. ಖಾಲಿ ಓವನ್ ಎಂದಿಗೂ ಓಡಿಸಬಾರದು.

ಬೆಳಕಿನ ವೇಗ ಅಳೆಯಿರಿ

ಹಿರಿಯರ ಎದುರಿನಲ್ಲಿ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ತಿರುಗುವ ತಟ್ಟೆ ತೆಗೆದು, ತಿರುಗಿಸುವ ಗುಬಟಿಗೆ ತಾಗದಂತೆ ಅದರ ಮೇಲೆ ಗಾಜಿನ ಬಟ್ಟಲೊಂದನ್ನು ಬೋರಲಿಡಿ. ಅದರ ಮೇಲೆ ಪಿಂಗಾಣಿ ತಟ್ಟೆಯಲ್ಲಿ, ಕಾಗದ ಬಿಚ್ಚಿದ ದೊಡ್ಡ ಚಾಕಲೇಟು ಪಟ್ಟಿಯಿಟ್ಟು ಸುಮಾರು 20 ಸೆಕೆಂಡು ಕಾಯಿಸಿ. ಅಲ್ಲಲ್ಲಿ ಕರಗಿದ ಗುರುತುಗಳು ಮೂಡುತ್ತವೆ. ಎರಡು ಗುರುತುಗಳ ನಡುವಿನ ದೂರ ಸುಮಾರು 6 ಸೆಂಟಿಮೀಟರ್, ಅಂದರೆ ಅರ್ಧ ಅಲೆ. ಅದನ್ನು ಇಮ್ಮಡಿಸಿ, ಮೀಟರಿಗೆ ಬದಲಿಸಿ, 245 ಕೋಟಿಯಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಬರುತ್ತದೆ. ಅದೇ ಬೆಳಕಿನ ವೇಗ!

ಲೆಕ್ಕ ಮುಗಿದ ಮೇಲೆ ಚಾಕಲೇಟನ್ನು ತಿನ್ನಬಹುದು. ಅದರಲ್ಲಿ ಕಿರಣವೇನೂ ಉಳಿದಿರುವುದಿಲ್ಲ. ಆದರೆ ಕರಗಿದ ಭಾಗ ನಾಲಿಗೆ ಸುಟ್ಟೀತು, ಆರಿಸಿಕೊಂಡು ತಿನ್ನಿ.