ಗಿರ್ಮಿಟ್, ಮಿರ್ಚಿ ಭಜಿ ಮತ್ತು ಒಂದಿಷ್ಟು ವಾಣಿಜ್ಯ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ: ಈ ಊರುಗಳಲ್ಲಿ ಎಲ್ಲಿ ಬಸ್ಸಿನಿಂದ ಇಳಿದರೂ ಸಂಜೆ ಹೊತ್ತಿಗೆ ಮಿರ್ಚಿ ಭಜಿಯ ವಾಸನೆ ಬರುತ್ತದೆ. ಪಕ್ಕದಲ್ಲೇ ಚುರುಮುರಿಯ ರಾಶಿ ಇರುತ್ತದೆ. ನಾವು ಇಷ್ಟಪಟ್ಟು ತಿನ್ನುವ ಈ ತಿನಿಸು ಹೇಗೆ ತಯಾರಾಗುತ್ತದೆ, ತಿನ್ನುವಾಗ ಏನು ನೋಡಬೇಕು, ಅದರ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಉಬ್ಬಿ ಚುರುಮುರಿಯಾಗುತ್ತದೆ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇದಕ್ಕೆ ಮುರ್ಮುರಾ ಎನ್ನುತ್ತೇವೆ. ದಾವಣಗೆರೆಗೆ ಹೋದರೆ ಮಂಡಕ್ಕಿ, ಬೆಂಗಳೂರಿನ ಕಡೆ ಕಡಲೆಪುರಿ. ಮುಂಬೈಯಲ್ಲಿ ಇದೇ ಭೇಳ್‌ಪುರಿ ಆಗುತ್ತದೆ, ಕೋಲ್ಕತ್ತಾದಲ್ಲಿ ಸಾಸಿವೆ ಎಣ್ಣೆ ಸೇರಿ ಝಾಲ್‌ಮುರಿ ಆಗುತ್ತದೆ. ನಮ್ಮ ಭಾಗದಲ್ಲಿ ಗಿರ್ಮಿಟ್.

ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹುಣಸೆಹುಳಿ ಮತ್ತು ಬೆಲ್ಲ ಹಾಕಿ ಕುದಿಸುತ್ತಾರೆ. ಈ ಗೊಜ್ಜನ್ನು ಚುರುಮುರಿಗೆ ಕಲಸಿ, ಮೇಲೆ ಪುಠಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿದರೆ ಗಿರ್ಮಿಟ್ ಸಿದ್ಧ. ಚುರುಮುರಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಕೊಟ್ಟರೆ ಅದು ಸೂಸಲ. ಗಿರ್ಮಿಟ್ ಗೊಜ್ಜಿನ ತೇವಕ್ಕೆ ಬೇಗ ಮೆತ್ತಗಾಗುತ್ತದೆ. ಆದ್ದರಿಂದ ಕಲಸಿದ ಕೂಡಲೇ ತಿನ್ನಬೇಕು. ಗಿರ್ಮಿಟ್, ಭಜಿ ಎರಡರಲ್ಲೂ ಮಾಂಸವಿಲ್ಲ. ಪ್ರವಾಸದಲ್ಲಿ ನಾವು ಹಲಾಲ್ ಹೌದೋ ಅಲ್ಲವೋ ಎಂದು ಯೋಚಿಸಬೇಕಾಗಿಲ್ಲ, ಸಸ್ಯಾಹಾರಿ ಗೆಳೆಯರೂ ಹಿಂಜರಿಯಬೇಕಾಗಿಲ್ಲ. ಎಲ್ಲರೂ ಒಂದೇ ತಟ್ಟೆಯಲ್ಲಿ ತಿನ್ನಬಹುದು.

ಆದರೆ ಆರೋಗ್ಯದ ವಿಷಯದಲ್ಲಿ ಎಚ್ಚರ ಬೇಕು. ಕಲುಷಿತ ನೀರು ಮತ್ತು ಆಹಾರದಿಂದ ಟೈಫಾಯ್ಡ್, ಕಾಮಾಲೆ ಹರಡುತ್ತವೆ. ಪರೀಕ್ಷೆಯ ಸಮಯದಲ್ಲಿ ಟೈಫಾಯ್ಡ್ ಬಂದರೆ ಒಂದು ವರ್ಷದ ಶ್ರಮ ಹಾಳಾಗಬಹುದು. ಕಣ್ಣೆದುರಿಗೆ ಕರಿದ ಬಿಸಿ ಭಜಿಯಲ್ಲಿ ಅಪಾಯ ಕಡಿಮೆ. ತೆರೆದಿಟ್ಟ ಚಟ್ನಿ, ಮೊದಲೇ ಹೆಚ್ಚಿಟ್ಟ ಉಳ್ಳಾಗಡ್ಡಿ, ಕುಡಿಯುವ ನೀರು, ಇವುಗಳಲ್ಲಿ ಅಪಾಯ ಹೆಚ್ಚು. ಬಾಟಲಿಯಲ್ಲಿ ಮನೆಯ ನೀರು ಒಯ್ಯುವುದು ಒಳ್ಳೆಯದು. ಎಣ್ಣೆಯನ್ನೂ ಗಮನಿಸಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ, ಅವು ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ನಮ್ಮ ಹತ್ತಿರ ಅಳೆಯುವ ಯಂತ್ರವಿಲ್ಲ. ಆದರೆ ಎಣ್ಣೆ ಕಪ್ಪಾಗಿ, ಅಂಟಾಗಿ, ನೊರೆ ಬರುತ್ತಿದ್ದರೆ ಮುಂದಿನ ಗಾಡಿಗೆ ಹೋಗಬಹುದು. ಹಳೆಯ ಪತ್ರಿಕೆಯಲ್ಲಿ ಬಿಸಿ ಭಜಿ ಕಟ್ಟಿದರೆ ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ. "ಕಾಕಾ, ತಟ್ಟೆಯಲ್ಲಿ ಕೊಡ್ರಿ" ಎಂದು ಕೇಳುವುದಕ್ಕೆ ನಾಚಿಕೆ ಬೇಡ.

ಇನ್ನು ವ್ಯಾಪಾರ. ಗಾಡಿ, ಒಲೆ, ಬಾಣಲೆ ಸ್ಥಿರ ಬಂಡವಾಳ. ಕಡಲೆ ಹಿಟ್ಟು, ಎಣ್ಣೆ, ಮೆಣಸಿನಕಾಯಿ, ಗ್ಯಾಸ್‌ಗೆ ಬೇಕಾದದ್ದು ದುಡಿಯುವ ಬಂಡವಾಳ. ಇದು ಪ್ರತಿದಿನ ಬೆಳಿಗ್ಗೆ ಕೈಯಲ್ಲಿರಬೇಕು. ಮಳೆ ಬಂದರೆ ಗಿರಾಕಿಯಿಲ್ಲ, ಕಲಸಿದ ಹಿಟ್ಟು ಮರುದಿನಕ್ಕೆ ಉಳಿಯುವುದಿಲ್ಲ. ಹಣವಿಲ್ಲದವರು ದಿನದ ಬಡ್ಡಿಗೆ ಸಾಲ ತರುತ್ತಾರೆ. ಉದಾಹರಣೆಗೆ, ಬೆಳಿಗ್ಗೆ ರೂ. 900 ಪಡೆದು ಸಂಜೆ ರೂ. 1,000 ಕೊಟ್ಟರೆ ಒಂದೇ ದಿನದ ಬಡ್ಡಿ ಶೇ. 11ಕ್ಕಿಂತ ಹೆಚ್ಚು! ಬ್ಯಾಂಕು ಇಡೀ ವರ್ಷಕ್ಕೆ ಹೆಚ್ಚು ಕಡಿಮೆ ಇಷ್ಟೇ ಬಡ್ಡಿ ಕೇಳುತ್ತದೆ. ಈ ಹೊರೆ ತಪ್ಪಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ 'ಬಡವರ ಬಂಧು' ಯೋಜನೆ ತಂದಿತು. 2020ರಲ್ಲಿ ಕೇಂದ್ರದ 'ಪಿ.ಎಂ. ಸ್ವನಿಧಿ' ಆರಂಭವಾಯಿತು, ಆಗ ಮೊದಲ ಸಾಲ ರೂ. 10,000 ವರೆಗೆ, ಜಾಮೀನು ಬೇಕಿರಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ವ್ಯಾಪಾರದ ಪ್ರಮಾಣಪತ್ರ ಪಡೆಯುವ ಹಕ್ಕನ್ನೂ ಕೊಟ್ಟಿದೆ.

ಇವುಗಳ ಅರ್ಜಿ ತುಂಬಲು ಓದು ಬರಹ ಬೇಕು. ಅದು ನಮಗೆ ಬರುತ್ತದೆ. ನಾವು ದಿನಾ ತಿನ್ನುವ ಗಾಡಿಯವರಿಗೆ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಈ ಬಗ್ಗೆ ವಿಚಾರಿಸಿ ತಿಳಿಸಿದರೆ, ಅರ್ಜಿ ತುಂಬಿಕೊಟ್ಟರೆ, ನಾವು ಕಲಿತ ವಾಣಿಜ್ಯಶಾಸ್ತ್ರ ಒಬ್ಬರ ಮನೆಗೆ ಉಪಯೋಗವಾಗುತ್ತದೆ.