ವಿದೇಶದ ಎಟಿಎಂ, ನಮ್ಮೂರ ಕಾರ್ಡ್: ಬಟನ್ ಒತ್ತೋ ಮುಂಚೆ ಇಷ್ಟು ಗೊತ್ತಿರಲಿ

ಎಳನೀರಿಗೂ ಸ್ಕ್ಯಾನ್ ಮಾಡಿ ದುಡ್ಡು ಕೊಡುವವರು ನಾವು. ವಾರಗಟ್ಟಲೆ ನೋಟು ಮುಟ್ಟದೆಯೇ ದಿನ ತಳ್ಳಿಬಿಡ್ತೀವಿ. ಆದರೆ ಬೆಂಗಳೂರಿನಿಂದ ನಾಲ್ಕು ಗಂಟೆ ಹಾರಿ ಥಾಯ್ಲೆಂಡ್‌ನಲ್ಲಿ ಇಳಿದರೆ ಕಥೆ ಬೇರೆ. ಬೀದಿ ಬದಿಯ ಊಟ, ಟುಕ್‌ಟುಕ್, ರಾತ್ರಿ ಸಂತೆ, ಚಿಯಾಂಗ್ ಮಾಯ್‌ನಲ್ಲಿ ನಮ್ಮ ಮ್ಯಾಕ್ಸಿಕ್ಯಾಬ್ ಥರ ಓಡುವ ಕೆಂಪು ಸಾಂಗ್‌ತೇವ್ ಗಾಡಿ, ಇದಕ್ಕೆಲ್ಲ ಕೈಯಲ್ಲಿ ಬಾತ್ ನೋಟು ಇರಬೇಕು. ಅಲ್ಲಿಯವರೂ ಕ್ಯೂಆರ್ ಸ್ಕ್ಯಾನ್ ಮಾಡ್ತಾರೆ. ಆದರೆ ಅವರ ಪ್ರಾಂಪ್ಟ್‌ಪೇ ಅಲ್ಲಿನ ಬ್ಯಾಂಕ್ ಖಾತೆಗಳಿಗೆ ಅಂತ ಕಟ್ಟಿದ ವ್ಯವಸ್ಥೆ.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಅವಕಾಶ ಕೊಟ್ಟ ಮೇಲೆ ನಮ್ಮ ಆಫೀಸಿನಲ್ಲೇ ಎಷ್ಟೋ ಜನ ಹೋಗಿಬಂದರು. ನಾನೂ ಅಪ್ಪ-ಅಮ್ಮನನ್ನು ಕರ್ಕೊಂಡು ಹೋಗಿದ್ದೆ. ಮೂವರ ಖರ್ಚು ನನ್ನ ಕೈಯಲ್ಲಿತ್ತು. ಅಲ್ಲಿ ಕಂಡಿದ್ದನ್ನು, ವಾಪಸ್ ಬಂದ ಮೇಲೆ ಸ್ಟೇಟ್‌ಮೆಂಟ್ ಇಟ್ಟುಕೊಂಡು ಹಾಕಿದ ಲೆಕ್ಕವನ್ನು ಇಲ್ಲಿ ಹೇಳ್ತೀನಿ.

ಹೊರಡೋ ಮುಂಚೆ ಸ್ವಿಚ್ ನೋಡಿ

2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳು ಮೊದಲಿಗೆ ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಎಟಿಎಂಗೆ, ಅಂಗಡಿಗೆ, ಆನ್‌ಲೈನ್‌ಗೆ ಬೇರೆ ಬೇರೆ ಸ್ವಿಚ್ ಇರುತ್ತೆ. ವಿದೇಶಿ ಎಟಿಎಂ ಸ್ವಿಚ್ ಆನ್ ಆಗಿದೆಯಾ, ದಿನದ ಮಿತಿ ಎಷ್ಟಿದೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ರುಪೇ ಕಾರ್ಡ್ ಆದರೆ ಅದು ವಿದೇಶದಲ್ಲಿ ನಡೆಯುತ್ತಾ ಅಂತ ಬ್ಯಾಂಕ್‌ನಲ್ಲಿ ಕೇಳಿ. ದೇಶದೊಳಗೆ ಮಾತ್ರ ನಡೆಯುವ ರುಪೇ ಕಾರ್ಡ್‌ಗಳು ತುಂಬಾ ಇವೆ.

ಒಂದು ಸಲ ತೆಗೆದರೆ ಯಾರಿಗೆ ಎಷ್ಟು?

ಇಲ್ಲಿ ನಾಲ್ಕು ಕೈಗಳಿವೆ. ಮೊದಲನೆಯದು ಅಲ್ಲಿನ ಎಟಿಎಂ. ವಿದೇಶಿ ಕಾರ್ಡ್ ಹಾಕಿದರೆ ಪ್ರತಿ ಸಲ ಒಂದು ಶುಲ್ಕ. ನಾನು ಹೋದಾಗ ಅದು 220 ಬಾತ್ ಇತ್ತು. ಸಾವಿರ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಎರಡನೆಯದು ನಮ್ಮ ಬ್ಯಾಂಕಿನ ನಿಗದಿತ ಶುಲ್ಕ, ನನ್ನದರಲ್ಲಿ ಸಲಕ್ಕೆ 125 ರೂಪಾಯಿ. ಮೂರನೆಯದು ಕರೆನ್ಸಿ ಬದಲಾವಣೆಯ ಮಾರ್ಕಪ್, ಶೇ. 3.5. ಕೊನೆಗೆ ಬ್ಯಾಂಕಿನ ಈ ಎರಡು ಶುಲ್ಕಗಳ ಮೇಲೆ ಶೇ. 18 ಜಿಎಸ್‌ಟಿ.

ಲೆಕ್ಕ ಸುಲಭ ಆಗಲಿ ಅಂತ 1 ಬಾತ್‌ಗೆ ಎರಡೂವರೆ ರೂಪಾಯಿ ಅಂದುಕೊಳ್ಳೋಣ. 2,000 ಬಾತ್ ತೆಗೆದರೆ ಕೈಗೆ ಸಿಗೋದು 5,000 ರೂಪಾಯಿ ಬೆಲೆಯ ನೋಟು. ಖಾತೆಯಿಂದ ಹೋಗೋದು ಸುಮಾರು 5,926 ರೂಪಾಯಿ. ಹೆಚ್ಚುವರಿ 926, ಅಂದರೆ ನೂರಕ್ಕೆ ಹದಿನೆಂಟೂವರೆ! ಅದೇ 20,000 ಬಾತ್ ಒಂದೇ ಸಲ ತೆಗೆದರೆ 50,000 ರೂಪಾಯಿ ಬೆಲೆಯ ನೋಟಿಗೆ ಹೆಚ್ಚುವರಿ ಸುಮಾರು 2,785 ರೂಪಾಯಿ, ನೂರಕ್ಕೆ ಐದೂವರೆ ಚಿಲ್ಲರೆ. ಅದನ್ನೇ ಎರಡೆರಡು ಸಾವಿರದಂತೆ ಹತ್ತು ಸಲ ತೆಗೆದರೆ 9,260 ರೂಪಾಯಿ ಶುಲ್ಕಕ್ಕೇ ಹೋಗುತ್ತೆ.

"ಕಳೆದುಹೋದ್ರೆ ಕಷ್ಟ, ಸ್ವಲ್ಪ ಸ್ವಲ್ಪನೇ ತೆಗಿ" ಅನ್ನೋದು ಅಮ್ಮನ ವಾದ. ಊರಿನಲ್ಲಿ ಅದು ಸರಿ. ವಿದೇಶದಲ್ಲಿ ಆ ಜಾಗ್ರತೆಯೇ ದುಬಾರಿ. ನಾಲ್ಕೈದು ದಿನದ ಖರ್ಚು ಅಂದಾಜು ಮಾಡಿ ಒಂದೇ ಸಲ ತೆಗೆದು, ಮನೆಯವರ ನಡುವೆ ಹಂಚಿಟ್ಟುಕೊಳ್ಳಿ. ಕಳೆದುಹೋಗುವ ಭಯಕ್ಕೂ ಅದೇ ಮದ್ದು.

"ರೂಪಾಯಿಯಲ್ಲೇ ಕಟ್ ಮಾಡಲಾ?" ಅಂದ್ರೆ ಬೇಡ ಅನ್ನಿ

ಪಿನ್ ಒತ್ತಿ ಮೊತ್ತ ಹಾಕಿದ ಮೇಲೆ ಯಂತ್ರ ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳುತ್ತೆ. ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಡಿತ ಆಗುತ್ತೆ, ಒಪ್ಪಿಗೆಯಾ ಅಂತ. ನಮ್ಮ ರೂಪಾಯಿ ಕಂಡ ತಕ್ಷಣ ಸಮಾಧಾನ ಆಗೋದು ಸಹಜ. ಆದರೆ ಅಲ್ಲಿ ತೋರಿಸೋದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರವಲ್ಲ, ಆ ಎಟಿಎಂನವರು ತಮ್ಮ ಲಾಭ ಸೇರಿಸಿ ಹಾಕಿದ ದರ. ಉದಾಹರಣೆಗೆ, ಎರಡೂವರೆ ರೂಪಾಯಿಯ ಬಾತ್‌ಗೆ ಯಂತ್ರ 2.65 ಹಿಡಿದರೆ 10,000 ಬಾತ್‌ಗೆ 1,500 ರೂಪಾಯಿ ಹೆಚ್ಚು ಹೋಯ್ತು. ಇದರ ಮೇಲೂ ನಮ್ಮ ಕೆಲವು ಬ್ಯಾಂಕುಗಳು ಮತ್ತೆ ಶುಲ್ಕ ಹಾಕುತ್ತವೆ.

ಪರದೆಯಲ್ಲಿ 'ವಿಥೌಟ್ ಕನ್ವರ್ಷನ್' ಅಥವಾ 'ಡಿಕ್ಲೈನ್ ಕನ್ವರ್ಷನ್' ಅಂತಿರುತ್ತೆ. ಅದನ್ನೇ ಒತ್ತಿ. 'ಡಿಕ್ಲೈನ್' ಅಂದ್ರೆ ವಹಿವಾಟೇ ರದ್ದಾಗುತ್ತೆ ಅಂತ ಹೆದರಬೇಡಿ. ಬೇಡ ಅಂದಿದ್ದು ಅವರ ದರ ಮಾತ್ರ, ನೋಟು ಬಂದೇ ಬರುತ್ತೆ. ಅಂಗಡಿ, ಹೋಟೆಲ್‌ನಲ್ಲಿ ಕಾರ್ಡ್ ಉಜ್ಜುವಾಗಲೂ ಇದೇ ಪ್ರಶ್ನೆ ಬರಬಹುದು. ಅಲ್ಲೂ ಬಾತ್‌ನಲ್ಲೇ ಬಿಲ್ ಮಾಡಿ ಅಂತ ಹೇಳಿ.

ದುಡ್ಡು ಬರದೆ ಮೆಸೇಜ್ ಮಾತ್ರ ಬಂದರೆ?

ಚಿಯಾಂಗ್ ಮಾಯ್‌ನಲ್ಲಿ ಕೊನೆಯ ಎರಡು ದಿನಕ್ಕೆ ಅಂತ 5,000 ಬಾತ್ ತೆಗೆಯಲು ಹೋದೆ. ಯಂತ್ರ ಗರಗರ ಸದ್ದು ಮಾಡಿತು, ಕಾರ್ಡ್ ಹೊರಗೆ ಬಂತು, ನೋಟು ಬರಲಿಲ್ಲ. ಫೋನಿಗೆ ಮಾತ್ರ ಹದಿಮೂರು ಸಾವಿರ ಚಿಲ್ಲರೆ ಕಡಿತ ಆಯ್ತು ಅಂತ ಮೆಸೇಜ್ ಬಂತು. ರಾತ್ರಿ ಒಂಬತ್ತು ಗಂಟೆ, ಪಕ್ಕದಲ್ಲಿ ಸುಸ್ತಾದ ಅಪ್ಪ-ಅಮ್ಮ. ಪರದೆಯ ಫೋಟೊ ತೆಗೆದೆ. ಯಂತ್ರದ ಮೇಲಿದ್ದ ನಂಬರ್, ಜಾಗ, ಸಮಯ ಬರೆದುಕೊಂಡೆ.

ನಮ್ಮಲ್ಲಿ ಹೀಗಾದರೆ ಬ್ಯಾಂಕ್ ಐದು ದಿನದೊಳಗೆ ತಾನಾಗಿಯೇ ಹಣ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2019ರ ರಿಸರ್ವ್ ಬ್ಯಾಂಕ್ ನಿಯಮ ಅದು. ಆದರೆ ಅದು ದೇಶದೊಳಗಿನ ವಹಿವಾಟಿಗೆ ಮಾತ್ರ. ಹೊರಗೆ ಆದರೆ ನಮ್ಮ ಬ್ಯಾಂಕ್‌ಗೆ ದೂರು ಕೊಡಬೇಕು, ಅವರು ಕಾರ್ಡ್ ನೆಟ್‌ವರ್ಕ್ ಮೂಲಕ ಅಲ್ಲಿನ ಬ್ಯಾಂಕನ್ನು ಕೇಳಬೇಕು. ಕಸ್ಟಮರ್ ಕೇರ್‌ನವರು ಮೊದಲು "ಅಲ್ಲಿನ ಬ್ಯಾಂಕ್‌ನಲ್ಲೇ ವಿಚಾರಿಸಿ ಸರ್" ಅಂದರು. ಅದನ್ನು ಒಪ್ಪಿಕೊಂಡು ಫೋನ್ ಇಡಬೇಡಿ. ಲಿಖಿತ ದೂರು ಕೊಟ್ಟು ನಂಬರ್ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್‌ನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ನನಗೆ ಅಸಲು ಬರಲು ಆರು ವಾರ ಹಿಡಿಯಿತು. ಶುಲ್ಕ ಮತ್ತು ಮಾರ್ಕಪ್ ವಾಪಸ್ ಬರಲು ಇನ್ನೊಂದು ಇಮೇಲ್ ಬರೆಯಬೇಕಾಯ್ತು.

ಆ ಎರಡು ದಿನ ನಮ್ಮನ್ನು ಕಾಪಾಡಿದ್ದು ಅಪ್ಪನ ಬನಿಯನ್ ಜೇಬು. "ಯಂತ್ರ ನಂಬ್ಕೊಂಡು ಹೋಗೋದಾ?" ಅಂತ ಹಟ ಹಿಡಿದು ಅವರು ಇಲ್ಲೇ 200 ಡಾಲರ್ ಕೊಂಡಿದ್ದರು. ಬೆಳಗ್ಗೆ ಪಾಸ್‌ಪೋರ್ಟ್ ತೋರಿಸಿ ನೂರು ಡಾಲರ್ ಬದಲಾಯಿಸಿದೆವು. ಅವರು ಒಂದು ಮಾತೂ ಆಡಲಿಲ್ಲ, ನೋಟು ಮಾತ್ರ ಎರಡೆರಡು ಸಲ ಎಣಿಸಿದರು.

ಹಾಗಾದ್ರೆ ಏನು ಮಾಡೋದು?

ಒಂದೇ ಕಾರ್ಡ್ ನಂಬಬೇಡಿ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್, ಬೇರೆ ಬೇರೆ ಜೇಬಿನಲ್ಲಿರಲಿ. ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡ್‌ಗಳು ಈಗ ಸಿಗುತ್ತವೆ. ಬಾತ್ ತುಂಬಿಸಬಹುದಾದ ಫಾರೆಕ್ಸ್ ಕಾರ್ಡ್ ಇದ್ದರೂ ಮಾರ್ಕಪ್ ಉಳಿಯುತ್ತೆ, ಆದರೆ ಅಲ್ಲಿನ ಎಟಿಎಂ ಶುಲ್ಕ ತಪ್ಪಲ್ಲ. ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯೋದು ತೀರಾ ಕೊನೆಯ ದಾರಿ. ಅದಕ್ಕೆ ಪ್ರತ್ಯೇಕ ಶುಲ್ಕ, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ.

ಹಿರಿಯರ ಜೊತೆ ಹೋಗ್ತಿದ್ರೆ ಅವರ ಒಂದು ಕಾರ್ಡ್‌ಗೂ ವಿದೇಶಿ ಬಳಕೆ ಆನ್ ಮಾಡಿಸಿ, ಪಿನ್ ಅವರಿಗೆ ನೆನಪಿದೆಯಾ ಅಂತ ಇಲ್ಲಿಯ ಎಟಿಎಂನಲ್ಲೇ ಒಮ್ಮೆ ನೋಡಿ. ನಿಮ್ಮ ಪರ್ಸ್ ಕಳೆದುಹೋದ ದಿನ ಅದೇ ಊಟ ಹಾಕೋದು. ಊರಿಗೆ ವಾಪಸ್ ಬಂದು ಬ್ಯಾಗ್ ಬಿಚ್ಚುವಾಗ ಆ ಸ್ವಿಚ್ಚುಗಳನ್ನೆಲ್ಲ ಮತ್ತೆ ಆಫ್ ಮಾಡಿಬಿಡಿ.