ಬದುವಿನ ಬಾರಿ ಹಣ್ಣು

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಬದುಗಳಲ್ಲಿ, ಕಲ್ಲುನೆಲದಲ್ಲಿ ಯಾರೂ ನೆಡದೆ ಬೆಳೆಯುವ ಮುಳ್ಳುಗಿಡ ಬಾರಿ. ಮರಾಠಿಯವರಿಗೆ ಇದು ಬೋರ, ಹಳೆ ಮೈಸೂರಿನವರಿಗೆ ಎಲಚಿ. ಮಳೆ ಕೈಕೊಟ್ಟ ವರ್ಷವೂ ಇದು ಕಾಯಿ ಕಚ್ಚುವುದು ಬೇರಿನ ಬಲದಿಂದ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಕಡುಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿ ನೀರುಳಿಸುತ್ತದೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳು: ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಅಂಗಿ ಹಿಡಿದು ಜಗ್ಗುವುದು ಈ ಕೊಕ್ಕೆಯೇ.

ಮಳೆಗಾಲ ಮುಗಿಯುವಾಗ ಹೂವು, ಸಂಕ್ರಾಂತಿಯ ಹೊತ್ತಿಗೆ ಹಣ್ಣು. ಭೋಗಿಯ ಪಲ್ಯಕ್ಕೂ, ಎಳೆಮಕ್ಕಳ ತಲೆಯ ಮೇಲೆ ಹಣ್ಣು ಸುರಿಯುವ ಬೋರನ್ಹಾಣದ ಆಚರಣೆಗೂ ಇದು ಬೇಕೇ ಬೇಕು. ಕಾಡುಬಾರಿ ಗೋಲಿಗಾತ್ರದ್ದು. ಬೀಜವೇ ಹೆಚ್ಚು, ತಿರುಳು ಕಡಿಮೆ, ಹುಳಿ ಮತ್ತು ಒಗರು ಜೋರು. ಪೇಟೆಗೆ ಬರುವ ಕಸಿ ಬಾರಿಗೆ ಗಾತ್ರವಿದೆ, ಈ ರುಚಿಯಿಲ್ಲ.

ಇದರ ನಿಜವಾದ ಹೆಚ್ಚುಗಾರಿಕೆ ಸಿ ಜೀವಸತ್ವ. 100 ಗ್ರಾಂ ತಿರುಳಿನಲ್ಲಿ ಸುಮಾರು 70 ಮಿಲಿಗ್ರಾಂ ಇರುತ್ತದೆ. ತಳಿ, ನೆಲ, ಮಾಗುವ ಹಂತಕ್ಕೆ ತಕ್ಕಂತೆ ಏರುಪೇರು ಉಂಟು. ಅಷ್ಟೇ ತೂಕದ ಸೇಬಿನಲ್ಲಿ ಸಿಗುವುದು 5ರ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಬೇಕು.

ಜೋಳದ ರೊಟ್ಟಿಯ ಈ ನಾಡಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಅರ್ಥವಿದೆ. ಜೋಳದಲ್ಲೂ ಬೇಳೆಯಲ್ಲೂ ಕಬ್ಬಿಣಾಂಶ ಇದೆ, ಆದರೆ ಅದರೊಂದಿಗೇ ಇರುವ ಫೈಟೇಟ್ ಅದನ್ನು ಕಟ್ಟಿಹಾಕುತ್ತದೆ. ಕರುಳು ಹೀರುವುದು ಅಲ್ಪ. ಸಿ ಜೀವಸತ್ವ ಕಬ್ಬಿಣವನ್ನು ಸುಲಭವಾಗಿ ಕರಗುವ ರೂಪಕ್ಕೆ ತಂದು ಈ ತೊಡಕು ಸಡಿಲಿಸುತ್ತದೆ. ಆದ್ದರಿಂದ ಹಸಿ ಹಣ್ಣನ್ನು ಊಟದ ಜೊತೆಗೆ, ಇಲ್ಲವೇ ಉಂಡ ಕೂಡಲೇ ತಿಂದರೆ ಲಾಭ ಹೆಚ್ಚು. ಪಲ್ಯದಲ್ಲಿ ಕುದಿಸಿದರೂ ಬಿಸಿಲಲ್ಲಿ ಒಣಗಿಸಿದರೂ ಈ ಜೀವಸತ್ವ ಬಹಳಷ್ಟು ನಾಶವಾಗುತ್ತದೆ. ಶಾಲೆಯ ಮುಂದೆ ಮಾರುವ ಬೋರಕೂಟದಲ್ಲಿ, ಅಂದರೆ ಒಣಬಾರಿಯ ಪುಡಿಯಲ್ಲಿ, ಸಕ್ಕರೆ, ನಾರು ಉಳಿಯುತ್ತವೆ. ಉಪ್ಪು ಧಾರಾಳವಾಗಿ ಸೇರುತ್ತದೆ.

ಹಣ್ಣಿನ ಒಗರಿಗೆ ಕಾರಣವಾದ ಟ್ಯಾನಿನ್ ಮತ್ತು ಇತರ ಫೀನಾಲುಗಳು ಪ್ರಯೋಗಾಲಯದಲ್ಲಿ ಉತ್ಕರ್ಷಣ ತಡೆಯುವ ಗುಣ ತೋರುತ್ತವೆ. ಅಷ್ಟರಿಂದಲೇ ಬಾರಿ ಹಣ್ಣು ಸಕ್ಕರೆ ಕಾಯಿಲೆಯನ್ನೋ ಕ್ಯಾನ್ಸರನ್ನೋ ವಾಸಿಮಾಡುತ್ತದೆ ಎನ್ನುವುದು ಅವಸರದ ಮಾತು. ಗಾಜಿನ ನಳಿಕೆಯ ಫಲಿತಾಂಶ ಮನುಷ್ಯನ ದೇಹದಲ್ಲಿ ಹಾಗೇ ಮರುಕಳಿಸಬೇಕೆಂದಿಲ್ಲ.

ಬಾರಿಗೆ ಅದರದೇ ಹಣ್ಣುನೊಣದ ಕಾಟವೂ ಇದೆ. ಅದು ಎಳೆಗಾಯಿಯ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ. ಮರಿಹುಳು ಬೀಜದ ಸುತ್ತಲಿನ ತಿರುಳು ತಿಂದು ಕಂದು ಹಿಕ್ಕೆ ತುಂಬುತ್ತದೆ, ಹೊರಗಿನಿಂದ ಎಷ್ಟೋ ಸಲ ಇದು ಗೊತ್ತಾಗುವುದಿಲ್ಲ. ಮಕ್ಕಳ ಕೈಗೆ ಕೊಡುವ ಮೊದಲು ಬಿಡಿಸಿ ನೋಡಿ.